ಟರ್ಬೋಗೊಂದು ಕೌದಿ

ಭಾಲ್ಕಿ ಕಡೆಯ ಶಿವರಾಯ ನಾಸಿಕದ ಸಾತಪೂರಿನ ಇಂಜಿನ್ ಕಾರ್ಖಾನೆಯೊಂದರಲ್ಲಿ ಬಹಳ ವರ್ಷಗಳಿಂದ ಕಾಯಮ್ಮಾಗಿ ಟೆಂಪರರಿಯಾಗಿದ್ದ. ಕಾರ್ಖಾನೆ ಶುರುವಾದಾಗ ಗೇಟಿಗೆ ಬಣ್ಣ ಬಳಿದವರಲ್ಲಿ ಅವನೂ ಒಬ್ಬ. ಆಮೇಲೆ ಗೇಟಿನ ಬಣ್ಣ ಬದಲಾಯಿತು, ಮ್ಯಾನೇಜರುಗಳು ಬದಲಾದರು, ಗೇಟಿನ ಬದಿಯ ಬೇವಿನ ಸಸಿ ಮರವಾಗಿ ಅದರ ನೆರಳಿನಲ್ಲಿ ಯೂನಿಯನ್ನಿನವರು ಎರಡು ಪಾರ್ಟಿಯಾಗಿ ಒಡೆದುಕೊಂಡರು. ಶಿವರಾಯನ ಬಿಲ್ಲೆಯ ಮೇಲಿನ ‘ಟೆಂಪರರಿ’ ಎಂಬ ಅಕ್ಷರ ಮಾತ್ರ ಅಳಿಸಲಿಲ್ಲ.

ಇಂತಿಷ್ಟು ದಿನ ಎಡೆಬಿಡದೆ ದುಡಿದವನನ್ನು ಕಾಯಂ ಮಾಡಬೇಕೆಂದು ಸರಕಾರ ಕಾನೂನು ಮಾಡಿತ್ತು. ಕಂಪನಿ ಕಾನೂನಿಗೆ ಬಹಳ ಮರ್ಯಾದೆ ಕೊಡುತ್ತಿತ್ತು. ಆದ್ದರಿಂದ ಆ ದಿನ ಹತ್ತಿರ ಬರುತ್ತಲೇ ಶಿವರಾಯನನ್ನು ಮನೆಗೆ ಕಳಿಸಿ, ಕೆಲವು ದಿನ ಕಳೆದ ಮೇಲೆ ಹೊಸ ಬಿಲ್ಲೆ ಕೊಟ್ಟು, ಹೊಸ ಆಳೆಂಬಂತೆ ಒಳಗೆ ಕರೆದುಕೊಳ್ಳುತ್ತಿತ್ತು. ಇದಕ್ಕೆ ಬ್ರೇಕ್ ಎಂದು ಹೆಸರು. ಪ್ರತಿ ಬ್ರೇಕಿನ ನಂತರವೂ ಅವನಿಗೆ ಕೆಲಸ ಬರುತ್ತದೆಯೇ ಎಂದು ಪರೀಕ್ಷೆ ನಡೆಯುತ್ತಿತ್ತು. ಅವನ ಕೈಯಲ್ಲೇ ಸ್ಪ್ಯಾನರ್ ಹಿಡಿಯುವುದನ್ನು ಕಲಿತು ಕಾಯಂ ಆದವನೊಬ್ಬ ಗಂಭೀರವಾಗಿ ಕೂತು ಅವನನ್ನು ಪಾಸು ಮಾಡುತ್ತಿದ್ದ.

ಬ್ರೇಕಿನ ದಿನಗಳಲ್ಲಿ ಗಂಡಹೆಂಡಿರು ಔರಂಗಾಬಾದಿಗೆ ಹೋಗುತ್ತಿದ್ದರು. ಇವತ್ತು ಛತ್ರಪತಿ ಸಂಭಾಜಿನಗರವಾಗಿರುವ ಊರು ಅದು. ಮನ್ಮಾಡಿನಲ್ಲಿ ದೊಡ್ಡ ರೈಲುಗಾಡಿಯಿಂದಿಳಿದು ಸಣ್ಣ ಹಳಿಯ ಗಾಡಿ ಹತ್ತಬೇಕು. ಅಲ್ಲಿ ಗುಲಮಂಡಿಯಲ್ಲಿ ಹೆಂಡತಿಯ ಅಣ್ಣ ವಿಶ್ವನಾಥಪ್ಪನ ಬಟ್ಟೆ ಅಂಗಡಿಯಿತ್ತು. ವಿಶ್ವನಾಥಪ್ಪ ಒಳ್ಳೆಯವನೇ, ಆದರೆ ಗಿರಾಕಿಗಳು ತುಂಬಿದ್ದಾಗಲೇ “ಈ ಸಲನೂ ಸೂಟಿ ಏನ್ರಿ ಭಾವಾ?” ಎಂದು ಕೇಳುವ ಅಭ್ಯಾಸ ಅವನಿಗೆ. ಶಿವರಾಯ ನಕ್ಕು, ಹೌದು, ರಜೆ ಎನ್ನುತ್ತಿದ್ದ. ವಯಸ್ಸು ನಲವತ್ತು ದಾಟಿತ್ತು. ಯಾವುದೋ ಒಂದು ಬ್ರೇಕ್ ಮುಗಿಯದೇ ಹೋದರೆ ಅವನು ಯಾರಿಗೂ ಬೇಕಾಗಿರಲಿಲ್ಲ. ಅವನಿಗೆ ಬಂಗಾರ ಬೇಡ, ಬಂಗಲೆ ಬೇಡ, ಕಾಯಂ ಎಂಬ ಒಂದು ಮಾತು ಬೇಕಿತ್ತು.

ಅವನ ಹೆಂಡತಿ ಈರಮ್ಮ ಔರಂಗಾಬಾದಿನಿಂದ ಬರಿಗೈಯಲ್ಲಿ ಬರುತ್ತಿರಲಿಲ್ಲ. ಅಣ್ಣನ ಅಂಗಡಿಯ ಚಿಂದಿ ಬಟ್ಟೆಗಳ ದೊಡ್ಡ ಗಂಟನ್ನು ಹೊತ್ತು ತಂದು ನಾಸಿಕದಲ್ಲಿ ಕೌದಿ ಹೊಲಿಯುತ್ತಿದ್ದಳು. ಕೌದಿಯ ವಿಷಯದಲ್ಲಿ ಅವಳಿಗೆ ವಿನಯ ಎಂಬುದೇ ಇರಲಿಲ್ಲ. ಬೇರೆ ಯಾರ ಕೌದಿ ಕಂಡರೂ ಅಂಚು ಹಿಡಿದು ನೋಡಿ, ಇದನ್ನು ಹೊಲಿದವಳಿಗೆ ಮನೆಯಲ್ಲಿ ಜಗಳವಿತ್ತೇನು ಎಂದು ಕೇಳುತ್ತಿದ್ದಳು. ಅವಳದು ಒಂದು ಪದ್ಧತಿ. ಅವಳ ತಾಯಿಯದೂ ಅದೇ, ಅಜ್ಜಿಯದೂ ಅದೇ. ಕೌದಿಯ ಮೂರು ಮೂಲೆ ಮುಚ್ಚಿ, ಕೊನೆಯ ಮೂಲೆಯನ್ನು ತೆರೆದಿಟ್ಟು, ಅದರೊಳಗೆ ಒಂದು ಚೂರು ಜೋಳದ ರೊಟ್ಟಿ, ಒಂದು ಹರಳು ಬೆಲ್ಲ ಇಟ್ಟು ಆಮೇಲೆ ಹೊಲಿಗೆ ಹಾಕಬೇಕು. ಹಸಿದ ಕೌದಿ ಹೊದ್ದವನನ್ನು ಬೆಚ್ಚಗಿಡುವುದಿಲ್ಲ ಎನ್ನುವುದು ಅವಳ ಶಾಸ್ತ್ರ. ಇರುವೆ ಮುತ್ತಿದರೆ ಮುತ್ತಲಿ, ಅವೂ ತಿನ್ನಲಿ ಎನ್ನುತ್ತಿದ್ದಳು.

ಹೀಗಿರುವಾಗ ಕಾರ್ಖಾನೆಗೆ ಸಮುದ್ರ ಬಂತು. ಸಮುದ್ರ ನಾಸಿಕಕ್ಕೆ ಬರುವ ದಾರಿ ಯಾವುದೂ ಇಲ್ಲ. ಬಂದದ್ದು ಆರ್ಡರಿನ ರೂಪದಲ್ಲಿ. ಅಲ್ಲಿಯವರೆಗೆ ಲಾರಿ, ನೀರಿನ ಪಂಪುಗಳಿಗೆ ಡೀಸೆಲ್ ಇಂಜಿನ್ ಮಾಡಿಕೊಂಡಿದ್ದ ಕಂಪನಿಗೆ ಕರಾವಳಿಯಲ್ಲಿ ಕಾವಲು ಕಾಯುವ ಲಾಂಚುಗಳ ಇಂಜಿನ್ ಮಾಡುವ ಕೆಲಸ ಸಿಕ್ಕಿತು. ವರ್ಕ್ಸ್ ಮ್ಯಾನೇಜರ್ ಭಾಲೇರಾವ್ ಸಾಹೇಬರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಇಂದಿನಿಂದ ನಾವು ನೌಕಾಬಲದ ಮಂದಿ ಎಂದು ಭಾಷಣ ಮಾಡಿದರು. ಆ ಅಂಗಳದಲ್ಲಿ ನಿಂತವರಲ್ಲಿ ಸಮುದ್ರ ನೋಡಿದವನು ಕ್ಯಾಂಟೀನಿನ ರತ್ನಾಕರ ಒಬ್ಬನೇ. ಅವನು ಕುಂದಾಪುರದ ಕಡೆಯವನು. ಅವನಿಗೆ ಸಮುದ್ರ ಎಂದರೆ ಬಿಟ್ಟು ಬಂದದ್ದು, ಹಾಗಾಗಿ ಚಪ್ಪಾಳೆ ಹೊಡೆಯಲಿಲ್ಲ.

ಹೊಸ ಇಂಜಿನ್ನಿನ ನೆತ್ತಿಯ ಮೇಲೆ ಬಸವನಹುಳದ ಚಿಪ್ಪಿನಂಥ ಒಂದು ಭಾಗವಿತ್ತು. ಟರ್ಬೋ ಎಂದು ಅದರ ಹೆಸರು. ಇಂಜಿನ್ ಉಗುಳುವ ಬಿಸಿ ಹೊಗೆ ಅದರೊಳಗಿನ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒತ್ತಿ ಒತ್ತಿ ಇಂಜಿನ್ನಿನ ಬಾಯಿಗೆ ತುರುಕುತ್ತದೆ. ಹೆಚ್ಚು ಗಾಳಿ ತಿಂದ ಇಂಜಿನ್ ಹೆಚ್ಚು ದುಡಿಯುತ್ತದೆ. ಕಂಪನಿಗಳಿಗೆ ಇಷ್ಟವಾಗುವ ಏರ್ಪಾಡು. ಆದರೆ ಪೂರ್ತಿ ಭಾರದಲ್ಲಿ ಓಡುವಾಗ ಆ ಚಿಪ್ಪು ಕಾದ ಹಂಚಿಗಿಂತ ಬಿಸಿಯಾಗಿ ಮಂಕು ಕೆಂಪಿಗೆ ತಿರುಗುತ್ತದೆ. ಲಾರಿಯಾದರೆ ಗಾಳಿಗೆ ಆರುತ್ತದೆ. ಲಾಂಚಿನ ಹೊಟ್ಟೆಯಲ್ಲಿ ಕಪಾಟಿನಷ್ಟು ಜಾಗ, ಅದರೊಳಗೆ ಇಂಜಿನ್, ಅದರ ಪಕ್ಕದಲ್ಲೇ ಎಣ್ಣೆಯ ನಳಿಗೆಗಳು. ಒಂದು ನಳಿಗೆ ಸೋರಿ ಹನಿ ಎಣ್ಣೆ ಅದರ ಮೇಲೆ ಬಿತ್ತೆಂದರೆ ಬೆಂಕಿ. ಲಾರಿಗೆ ಬೆಂಕಿ ಬಿದ್ದರೆ ಡ್ರೈವರ್ ಕೆಳಗೆ ಹಾರಿ ಬೀಡಿ ಹಚ್ಚಬಹುದು. ಲಾಂಚಿನವನು ಎಲ್ಲಿಗೆ ಹಾರಬೇಕು? ಅದಕ್ಕೇ ಟರ್ಬೋಗೆ ಶಾಖ ಹೊರಗೆ ಬಿಡದ ಒಂದು ದಪ್ಪ ಅಂಗಿ ತೊಡಿಸುತ್ತಾರೆ.

ಆ ಅಂಗಿ ಮೊದಲು ವಿಲಾಯಿತಿಯಿಂದ ಬರುತ್ತಿತ್ತು. ಅರವತ್ತರ ದಶಕದ ಆ ದಿನಗಳಲ್ಲಿ ದೇಶದಲ್ಲಿ ವಿದೇಶಿ ಹಣಕ್ಕೆ ಬರ. ಎಲ್ಲವನ್ನೂ ಇಲ್ಲಿಯೇ ಮಾಡಿ ಎಂದು ದಿಲ್ಲಿಯಿಂದ ಅಪ್ಪಣೆಯಾಗಿತ್ತು. ಭಾಲೇರಾವ್ ಸಾಹೇಬರು ಸ್ವದೇಶಿ ಅಂಗಿಗೆ ಟೊಂಕ ಕಟ್ಟಿದರು. ಮೊದಲು ಬೆಂಕಿಗೆ ಸುಡದ ಆಸ್ಬೆಸ್ಟಾಸಿನ ಪುಡಿಯನ್ನು ಕಲಸಿ ಗೋಡೆಗೆ ಮೆತ್ತಿದಂತೆ ಟರ್ಬೋಗೆ ಮೆತ್ತಿಸಿದರು. ಇಂಜಿನ್ ನಡುಗಿದ ಕೂಡಲೇ ಅದು ಹಳೆಯ ಮನೆಯ ಗಿಲಾವಿನಂತೆ ಉದುರಿತು. ಆಮೇಲೆ ತಗಡಿನ ಡಬ್ಬಿ ಮಾಡಿ ಮುಚ್ಚಿಸಿದರು. ಅದು ಮದುವೆ ಮನೆಯ ಬ್ಯಾಂಡಿನಂತೆ ಬಾರಿಸತೊಡಗಿತು. ಕೊನೆಗೆ ಮೇನ್ ರೋಡಿನ ಹೆಸರಾಂತ ದರ್ಜಿಯನ್ನು ಕರೆಸಿದರು. ಅವನು ಟೇಪು ಹಿಡಿದು ಟರ್ಬೋದ ಎದೆ, ಸೊಂಟ ಅಳೆದು, ಕಾಲರು ಬೇಕೋ ಬೇಡವೋ ಎಂದು ಕೇಳಿದ. ಅವನ ಮಶೀನಿನ ಸೂಜಿ ಆಸ್ಬೆಸ್ಟಾಸ್ ಬಟ್ಟೆಯ ಮೊದಲ ಮಡಿಕೆಗೇ ಮುರಿಯಿತು. ಬಟ್ಟೆಯೇ ಸರಿಯಿಲ್ಲ ಎಂದು ಹೇಳಿ ಅವನು ಹೊರಟುಹೋದ. ಕುಣಿಯಲಾರದವಳು ನೆಲ ಡೊಂಕೆಂದಳಂತೆ.

ಮುರಿದ ಸೂಜಿಯ ಚೂರು ಹುಡುಕುತ್ತ ನೆಲದ ಮೇಲೆ ಕೂತಿದ್ದ ಶಿವರಾಯನ ಬಾಯಿಂದ ಮಾತು ಜಾರಿತು: ಇದು ದರ್ಜಿಯ ಕೆಲಸವಲ್ಲ, ಕೌದಿ ಹೊಲಿಯುವವರ ಕೆಲಸ, ನನ್ನ ಹೆಂಡತಿಯಾದರೆ ಮಾಡುತ್ತಾಳೆ. ಹೇಳಿದ ಮೇಲೆ ಅವನೇ ಹೆದರಿದ. ಭಾಲೇರಾವ್ ಸಾಹೇಬರು ಅವನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಈ ಆರ್ಡರು ಪೂರ್ತಿ ಪಾಸಾದರೆ ನಿನ್ನನ್ನು ಕಾಯಂ ಮಾಡುವುದು ನನ್ನ ಜವಾಬ್ದಾರಿ ಎಂದರು. ಆವತ್ತು ಶಿವರಾಯ ಸೈಕಲ್ಲನ್ನು ಮನೆಯವರೆಗೆ ತಳ್ಳಿಕೊಂಡೇ ಹೋದ. ಹತ್ತುವುದು ಮರೆತುಹೋಗಿತ್ತು.

ಈರಮ್ಮನ ಮನೆಯಂಗಳಕ್ಕೆ ಆಸ್ಬೆಸ್ಟಾಸ್ ಬಟ್ಟೆಯ ಥಾನುಗಳು ಬಂದವು, ಒಳಗೆ ತುಂಬಲು ಅದರದೇ ಅರಳೆ ಬಂತು, ದಾರದ ಬದಲು ಹಿತ್ತಾಳೆಯ ಸಣ್ಣ ತಂತಿ ಬಂತು. ಟರ್ಬೋದ ಅಳತೆಗೊಂದು ಮರದ ಗೊಂಬೆ ಬಂತು. ಅವಳು ಗೊಂಬೆಯನ್ನು ಸುತ್ತಿ ಬಂದು, ಬೆನ್ನು ಇಷ್ಟು ಗೂನಿರುವವನಿಗೆ ನಾಲ್ಕು ತುಂಡು ಮಾಡಿ ಜೋಡಿಸಬೇಕು ಎಂದು ತೀರ್ಮಾನ ಕೊಟ್ಟಳು. ಮೂಗಿಗೆ ಸೆರಗು ಕಟ್ಟಿ ಹೊಲಿಯಲು ಕೂತಳು. ಆ ಬಟ್ಟೆಯ ಧೂಳು ಎಂಥದೆಂದು ಯಾರೂ ಅವಳಿಗೆ ಹೇಳಲಿಲ್ಲ. ಹೊಲಿಯುವವಳ ಉಸಿರು ಕೆಡಬಾರದೆಂಬ ಕಾಳಜಿ ಯಾವ ನಕ್ಷೆಯಲ್ಲೂ ಇರಲಿಲ್ಲ. ಇದ್ದದ್ದು ಟರ್ಬೋದ ಕಾಳಜಿ. ಮೈಯೆಲ್ಲ ತುರಿಕೆ, ರಾತ್ರಿ ಕೆಮ್ಮು. ಆದರೂ ಅಂಗಿ ಎದ್ದು ನಿಂತಾಗ ಅವಳಿಗೆ ಅದರ ಮೇಲೆ ಪ್ರೀತಿ ಬಂತು. ಇಷ್ಟು ದೂರ ಹೋಗುವ ಜೀವ, ನೀರಿನ ಮೇಲೆ ಇರುವ ಜೀವ, ಅಲ್ಲಿ ಯಾರು ಕೇಳುತ್ತಾರೆ ಎಂದುಕೊಂಡಳು. ಕೊನೆಯ ಮೂಲೆಯೊಳಗೆ ಒಂದು ಚೂರು ರೊಟ್ಟಿ, ಬೆಲ್ಲ ಇಟ್ಟು ತಂತಿ ಎಳೆದಳು. ಗಂಡನಿಗೆ ಹೇಳಲಿಲ್ಲ. ಹೇಳುವಂಥದು ಅದರಲ್ಲಿ ಏನೂ ಇದೆಯೆಂದು ಅವಳಿಗೆ ತೋಚಲೇ ಇಲ್ಲ.

ಪರೀಕ್ಷೆಗೆ ಮುಂಬಯಿಯಿಂದ ಸರಕಾರದ ಇನ್‌ಸ್ಪೆಕ್ಟರ್ ಕರ್ಣಿಕ್ ಸಾಹೇಬರು ಬಂದರು. ಇಂಜಿನ್ನಿಗೆ ಅಂಗಿ ತೊಡಿಸಿ, ಕೊಕ್ಕೆಗಳಿಗೆ ತಂತಿ ಬಿಗಿದು, ಪೂರ್ತಿ ಭಾರದಲ್ಲಿ ಓಡಿಸಿದರು. ಟರ್ಬೋ ಸಿಳ್ಳೆ ಹಾಕತೊಡಗಿತು. ಅಂಗಿ ಅಲುಗಲಿಲ್ಲ, ಬಿರಿಯಲಿಲ್ಲ, ಬಾರಿಸಲಿಲ್ಲ. ಕರ್ಣಿಕ್ ಸಾಹೇಬರು ಅದರ ಮೇಲೆ ಅಂಗೈ ಇಟ್ಟು, ತೆಗೆಯದೆ, ಸಿಗರೇಟು ಮುಗಿಯುವ ತನಕ ಹಾಗೇ ನಿಂತರು. ಶಿವರಾಯ ಮೂಲೆಯಲ್ಲಿ ನಿಂತು ಮನಸ್ಸಿನಲ್ಲೇ ಬಸವಣ್ಣನಿಗೆ ಕಾಯಿ ಹೇಳಿಕೊಂಡ.

ಅಷ್ಟರಲ್ಲಿ ಘಮ ಬಂತು. ಜೋಳದ ರೊಟ್ಟಿಯನ್ನು ಕೆಂಡದ ಮೇಲೆ ಕಟಿಕಟಿ ಮಾಡಿ, ಮೇಲೆ ಬೆಲ್ಲ ಕರಗಿಸಿದ ಘಮ. ಡೀಸೆಲ್ಲಿನ ನಾತವನ್ನು ಪಕ್ಕಕ್ಕೆ ಸರಿಸಿ ಅದು ಇಡೀ ಶೆಡ್ಡನ್ನು ತುಂಬಿತು. ಊಟದ ಹೊತ್ತು ಹತ್ತಿರವಿತ್ತು. ನಿಂತಿದ್ದವರಲ್ಲಿ ಒಬ್ಬೊಬ್ಬನೂ ಮರಾಠಿಯಲ್ಲಿ ಭಾಕ್ರಿ ಎನ್ನುವ ಈ ರೊಟ್ಟಿ ತಿಂದೇ ಬೆಳೆದವನು, ಒಬ್ಬೊಬ್ಬನ ಹೊಟ್ಟೆಯೂ ಸದ್ದು ಮಾಡಿತು. ಕರ್ಣಿಕ್ ಸಾಹೇಬರೂ ಸಾತಾರಾ ಕಡೆಯ ಹಳ್ಳಿಯವರೇ, ಆದರೆ ಅವರು ಭಾಕ್ರಿಯನ್ನು ಮನೆಯಲ್ಲಿಟ್ಟು ಆಫೀಸಿಗೆ ಬರುವವರು. ಶಿವರಾಯ ಮಾತ್ರ ಘಮ ಮೂಗಿಗೆ ಬಡಿದದ್ದೇ ಬಸವಣ್ಣನಿಗೆ ಹೇಳಿಕೊಂಡ ಕಾಯಿಯನ್ನು ಎರಡು ಮಾಡಿದ. ಒಳಗೆ ಸುಡುವ ವಸ್ತು ಒಂದು ಎಳೆಯೂ ಇರಕೂಡದು ಎನ್ನುವುದು ಆರ್ಡರಿನ ಮೊದಲ ಕರಾರು.

ಇದೇನು ವಾಸನೆ ಎಂದು ಕರ್ಣಿಕ್ ಸಾಹೇಬರು ಕೇಳಿದರು. ಶೆಡ್ಡಿನಲ್ಲಿ ಎಲ್ಲರಿಗೂ ಉತ್ತರ ಗೊತ್ತಿತ್ತು, ಆದ್ದರಿಂದ ಎಲ್ಲರೂ ಇಂಜಿನ್ನಿನ ಮೀಟರು ನೋಡತೊಡಗಿದರು. ಉತ್ತರ ಹೇಳಿದವರು ಭಾಲೇರಾವ್ ಸಾಹೇಬರು. ಅದು ನಮ್ಮ ಸ್ವದೇಶಿ ಬೈಂಡರ್, ಎಳೆಗಳನ್ನು ಹಿಡಿದಿಡುವ ಅಂಟು, ಮೊದಲ ಓಟದಲ್ಲಿ ಹೀಗೆ ಹದವಾಗಿ ಉರಿದು ಹೋಗುತ್ತದೆ ಎಂದರು. ಎಷ್ಟು ಧೈರ್ಯದಿಂದ ಹೇಳಿದರೆಂದರೆ ಅವರಿಗೇ ನಂಬಿಕೆ ಬಂತು. ಸ್ವಲ್ಪ ಹೊತ್ತಿಗೆ ಘಮ ಅಡಗಿತು, ಅಂಗಿಗೆ ಏನೂ ಆಗಲಿಲ್ಲ. ಸಿಹಿ ವಾಸನೆಯ ಬೈಂಡರ್, ಗುಣಮಟ್ಟ ಉತ್ತಮ ಎಂದು ಕರ್ಣಿಕ್ ಸಾಹೇಬರು ವರದಿಯಲ್ಲಿ ಸೇರಿಸಿದರು. ವರದಿ ಮುಂಬಯಿಗೆ ಹೋಯಿತು, ಅಲ್ಲಿಂದ ದಿಲ್ಲಿಗೆ ಹೋಯಿತು.

ಮನೆಗೆ ಬಂದ ಶಿವರಾಯ ಚಪ್ಪಲಿ ಬಿಡುವ ಮೊದಲೇ ಜಗಳ ತೆಗೆದ. ಮಂದಿ ಹೊದಿಯುವ ಕೌದಿಗೂ ಬೆಂಕಿ ಕುಡಿಯುವ ಯಂತ್ರಕ್ಕೂ ಫರಕು ತಿಳಿಯದ ಹೆಂಗಸು ನೀನು, ನನ್ನ ಹೊಟ್ಟೆಯ ಮೇಲೆ ಕಲ್ಲು ಹಾಕುತ್ತೀ, ನಾಳೆ ಹಡಗಿಗೆ ಬೆಂಕಿ ಬಿದ್ದರೆ ಜೈಲಿಗೆ ಯಾರು ಹೋಗಬೇಕು ಎಂದು ಕೂಗಾಡಿದ. ಮುಂದಿನ ಅಂಗಿಗಳನ್ನೆಲ್ಲ ಈರಮ್ಮ ಅಚ್ಚುಕಟ್ಟಾಗಿ ಹೊಲಿದಳು, ನಾಲ್ಕನೆಯ ಮೂಲೆಯನ್ನು ಖಾಲಿಯಾಗಿಯೇ ಮುಚ್ಚಿದಳು. ಮುಚ್ಚುವಾಗಲೆಲ್ಲ ಹಸಿದವರನ್ನು ಬಾಗಿಲಿಂದ ಕಳಿಸಿದಂತೆ ಅವಳ ಮುಖ ಬಾಡುತ್ತಿತ್ತು. ಆ ಮುಖವನ್ನು ಶಿವರಾಯ ನೋಡಿದ, ನೋಡಿಯೂ ಬೀಡಿ ಹಚ್ಚಿಕೊಂಡ.

ಎರಡನೆಯ ಸಲ ಕರ್ಣಿಕ್ ಸಾಹೇಬರು ಬಂದಾಗ ಇಂಜಿನ್ ಓಡಿತು, ಅಂಗಿ ನಿಂತಿತು, ಅಂಗೈ ಸುಡಲಿಲ್ಲ. ಸಾಹೇಬರು ಮೂಗು ಮುಂದೆ ಮಾಡಿಕೊಂಡು ಕಾದರು. ಇನ್ನೂ ಕಾದರು. ಘಮ ಬರಲಿಲ್ಲ. ಇದು ಮೊದಲಿನ ಮಾಲಲ್ಲ, ವರದಿಯಲ್ಲಿರುವ ಬೈಂಡರ್ ಇದರಲ್ಲಿಲ್ಲ, ಕಂಪನಿ ಕಳಪೆ ಮಾಡುತ್ತಿದೆ ಎಂದು ಇಡೀ ಸರಕನ್ನು ತಿರಸ್ಕರಿಸಿ ಗಾಡಿ ಹತ್ತಿದರು. ಶಾಖ ತಡೆದರೂ ಸಾಲದು, ಘಮಘಮಿಸಲೂ ಬೇಕು ಎಂಬಲ್ಲಿಗೆ ವಿಜ್ಞಾನ ಬಂದು ನಿಂತಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಸುಳ್ಳಲ್ಲ.

ಭಾಲೇರಾವ್ ಸಾಹೇಬರು ಶಿವರಾಯನನ್ನು ಕೋಣೆಗೆ ಕರೆಸಿ, ಬೈಂಡರನ್ನು ಯಾರಿಗೆ ಮಾರಿಕೊಂಡೆ ಎಂದು ಕೇಳಿದರು. ಶಿವರಾಯ ಅಳುತ್ತ ನಿಜ ಹೇಳಿದ. ಜೋಳದ ರೊಟ್ಟಿ ಸಾಹೇಬ, ಭಾಕ್ರಿ, ಮೇಲೆ ಒಂದು ಹರಳು ಬೆಲ್ಲ. ಭಾಲೇರಾವ್ ಸಾಹೇಬರಿಗೆ ಮೊದಲ ದಿನವೇ ಗೊತ್ತಿತ್ತು; ಅವರ ತಾಯಿ ಚಾಂದವಡದಲ್ಲಿ ಅದೇ ಘಮದ ನಡುವೆ ಅವರನ್ನು ಬೆಳೆಸಿದ್ದಳು. ಅವರು ಮೆತ್ತಗಿನ ದನಿಯಲ್ಲಿ ಹೇಳಿದರು: ದಿಲ್ಲಿಗೆ ಬೈಂಡರ್ ಎಂದು ಬರೆದು ಕಳಿಸಿಯಾಗಿದೆ. ಇನ್ನು ಅದು ಬೈಂಡರೇ. ಮುಂದಿನ ಪರೀಕ್ಷೆಗೆ ಬೈಂಡರ್ ಇದ್ದರೆ ನೀನು ಕಾಯಂ, ಇಲ್ಲದಿದ್ದರೆ ಬ್ರೇಕ್. ಈ ಸಲದ ಬ್ರೇಕಿಗೆ ಕೊನೆ ಇರುವುದಿಲ್ಲ. ಕರ್ಣಿಕ್ ಸಾಹೇಬರು ಬೈಂಡರನ್ನು ತುಂಬುವುದನ್ನು ಕಣ್ಣಾರೆ ನೋಡಬೇಕಂತೆ, ಹೆಂಡತಿಯನ್ನೂ ಕರೆದುಕೊಂಡು ಬಾ.

ಆ ಸಂಜೆ ಶಿವರಾಯ ಈರಮ್ಮನ ಎದುರು ಕೂತ. ಬಿಸಿತುಪ್ಪ ಬಾಯಲ್ಲಿದ್ದವನಂತೆ ಅವನಿಗೆ ನುಂಗಲೂ ಆಗದು, ಉಗುಳಲೂ ಆಗದು. ಬೈದು ನಿಲ್ಲಿಸಿದ ರೊಟ್ಟಿಯನ್ನು ಈಗ ಬೇಡಿ ಇಡಿಸಬೇಕಾಗಿತ್ತು. ಎಲ್ಲವನ್ನೂ ಹೇಳಿದ. ಈರಮ್ಮ ಹಿತ್ತಾಳೆ ತಂತಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

“ನಾ ಕಂಪನಿ ಸಲುವಾಗಿ ಇಟ್ಟಿದ್ದಿಲ್ರಿ,” ಅಂದಳು. “ಆ ಹಡಗಿನ್ಯಾಗ ಇದರ ಬಾಜೂಕ ನಿಂತು ಯಾರೋ ತಾಯಿ ಮಗ ಕೆಲಸ ಮಾಡ್ತಾನ. ಅವ ಹಸಿಬಾರದು ಅಂತ ಇಟ್ಟೆ. ನೀವು ಬ್ಯಾಡ ಅಂದ್ರಿ, ಬಿಟ್ಟೆ. ಈಗ ವಾಸನಿ ಸಲುವಾಗಿ ಇಡು ಅಂತೀರಿ.”

“ನನ್ನ ಸಲುವಾಗಿ ಇಡು ಈರಮ್ಮಾ,” ಎಂದ ಶಿವರಾಯ. “ಇಷ್ಟು ವರ್ಷ ಆಯ್ತು. ನನ್ನ ಮೂಲಿ ಇನ್ನಾ ಮುಚ್ಚಿಲ್ಲ.”

ಈರಮ್ಮನಿಗೆ ಆ ಮಾತು ತಾಗಿತು. ಅಣ್ಣನ ಅಂಗಡಿಯಲ್ಲಿ ಗಂಡ ನಗುವ ನಗುವನ್ನು ಅವಳೂ ನೋಡಿದ್ದಳು, ಅವನು ನಗುವಾಗ ಅವಳು ಚಿಂದಿ ಆರಿಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದಳು. ಇಡುತ್ತೇನೆ ಎಂದಳು. ಆದರೆ ಒಂದು ಮಾತು ಕೇಳಿದಳು.

“ಕಳ್ಳತನದಿಂದ ಇಡಂಗಿಲ್ಲ ನಾ. ಆ ಸಾಹೇಬ ಕೇಳಿದ್ರ, ಇದು ನನ್ನ ಹೆಂಡ್ತಿ ಕೈದು ರೊಟ್ಟಿ ಅಂತ ಹೇಳ್ಬೇಕು. ಇಷ್ಟೇ.”

ಶಿವರಾಯ ಅವಳ ಕೈ ಹಿಡಿದು ಹೇಳುತ್ತೇನೆ ಎಂದ. ಹೇಳುವಾಗ ಅವನ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಇರಲಿಲ್ಲ ಎಂದು ನಾನು ಖಂಡಿತವಾಗಿ ಹೇಳಬಲ್ಲೆ, ಏಕೆಂದರೆ ಆ ರಾತ್ರಿ ಅವನು ಮಗುವಿನಂತೆ ನಿದ್ದೆ ಮಾಡಿದ.

ಪರೀಕ್ಷೆಯ ದಿನ ಈರಮ್ಮ ಇಳಕಲ್ ಸೀರೆ ಉಟ್ಟು, ಕುಂಕುಮ ಹಚ್ಚಿ, ಬುತ್ತಿಗಂಟಿನಲ್ಲಿ ಹೊತ್ತು ಮೂಡುವ ಮುಂಚೆ ಬಡಿದ ರೊಟ್ಟಿಗಳನ್ನು ಕಟ್ಟಿಕೊಂಡು, ಕಾರ್ಖಾನೆಯ ಗೇಟಿನೊಳಗೆ ಕಾಲಿಟ್ಟಳು. ಗಂಡ ಬಣ್ಣ ಬಳಿದ ಗೇಟನ್ನು ಅವಳು ಒಳಗಿನಿಂದ ನೋಡಿದ್ದು ಅದೇ ಮೊದಲು. ಆದರೆ ಒಳಗೆ ಹೋಗುವಷ್ಟರಲ್ಲಿ ಅವಳ ಗಂಟನ್ನು ಯಾರೋ ತೆಗೆದುಕೊಂಡು ಹೋದರು. ಅದು ಮರಳಿ ಬಂದಾಗ ಸ್ಟೀಲಿನ ಟ್ರೇ ಆಗಿತ್ತು. ರೊಟ್ಟಿಯನ್ನು ಅಳತೆಪಟ್ಟಿ ಇಟ್ಟು ಚೌಕ ಚೌಕ ಕತ್ತರಿಸಿದ್ದರು, ಬೆಲ್ಲವನ್ನು ಪುಡಿ ಮಾಡಿ ಗಾಜಿನ ಬಟ್ಟಲಿಗೆ ಹಾಕಿದ್ದರು, ಪಕ್ಕದಲ್ಲಿ ಡಾಕ್ಟರರು ಹಿಡಿಯುವಂಥ ಇಕ್ಕಳ ಇಟ್ಟಿದ್ದರು. ಟ್ರೇ ಹಿಡಿದವನು ಬಿಳಿ ಕೋಟು ತೊಟ್ಟಿದ್ದ. ಕ್ಯಾಂಟೀನಿನ ಕಿಟಕಿಯಲ್ಲಿ ತಲೆ ಹಾಕಿದ್ದ ರತ್ನಾಕರ ಅದನ್ನು ನೋಡಿ, “ನನ್ನ ಮೆನುವಿನಲ್ಲಿ ಇದೊಂದು ಇಲ್ಲ ಮಾರಾಯ್ರೆ, ಇಂಜಿನಿಗೆ ಪ್ರತ್ಯೇಕ ಅಡುಗೆಯ?” ಎಂದು ಎಲ್ಲರಿಗೂ ಕೇಳುವಂತೆ ಅಂದ.

ಕರ್ಣಿಕ್ ಸಾಹೇಬರಿಗೂ ಕೇಳಿತು. ಕೆಲಸಗಾರರು ಮುಸಿಮುಸಿ ನಕ್ಕದ್ದೂ ಕೇಳಿತು. ಈ ಬೈಂಡರಿನ ಬಗ್ಗೆ ಏನೋ ಗುಸುಗುಸು ನಡೆದಿದೆಯಲ್ಲ ಎಂದು ಅವರು ಟ್ರೇಯ ಬಳಿಗೆ ಬಂದರು. ಇಕ್ಕಳದಿಂದ ಒಂದು ಚೌಕ ಎತ್ತಿ ಮೂಸಿದರು. ಭಾಲೇರಾವ್ ಸಾಹೇಬರ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಕರ್ಣಿಕ್ ಸಾಹೇಬರು ಅವರನ್ನು ಕೇಳಲಿಲ್ಲ. ಅಂಗಿಯ ತೆರೆದ ಮೂಲೆಯನ್ನು ಹಿಡಿದುಕೊಂಡು ನಿಂತಿದ್ದ ಶಿವರಾಯನ ಕಡೆ ತಿರುಗಿ, ನೀನು ಹೇಳು, ಇದು ಏನು ಎಂದು ಮರಾಠಿಯಲ್ಲಿ ಕೇಳಿದರು.

ಈರಮ್ಮ ಮೂಲೆಯ ಇನ್ನೊಂದು ಬದಿಯನ್ನು ಹಿಡಿದು, ಸೂಜಿಗೆ ತಂತಿ ಪೋಣಿಸಿಕೊಂಡು, ಗಂಡನ ಎದುರೇ ನಿಂತಿದ್ದಳು. ಅವಳಿಗೆ ಮರಾಠಿ ಚೆನ್ನಾಗಿ ತಿಳಿಯುತ್ತಿತ್ತು. ಅವಳು ಗಂಡನ ಬಾಯನ್ನೇ ನೋಡಿದಳು. ಶಿವರಾಯ ಭಾಲೇರಾವ್ ಸಾಹೇಬರನ್ನು ನೋಡಿದ, ಗೇಟನ್ನು ನೋಡಿದ. ಗೇಟಿನಾಚೆ ಮನ್ಮಾಡಿನ ಪ್ಲಾಟ್‌ಫಾರ್ಮು ಕಂಡಂತಾಯಿತು, ಗುಲಮಂಡಿಯ ಅಂಗಡಿ ಕಂಡಂತಾಯಿತು.

“ಬೈಂಡರ್, ಸಾಹೇಬ,” ಎಂದ.

ಕರ್ಣಿಕ್ ಸಾಹೇಬರು ಇನ್ನೊಮ್ಮೆ ಮೂಸಿದರು. ಅವರ ಮುಖದಲ್ಲಿ ಒಂದು ಗಳಿಗೆ ಸಾತಾರಾ ಕಡೆಯ ಒಲೆಯೊಂದು ಹೊತ್ತಿ ಆರಿದಂತಾಯಿತು. ಉತ್ತಮ ಗುಣಮಟ್ಟ ಎಂದು ಹೇಳಿ ಚೌಕವನ್ನು ಟ್ರೇಗೆ ಹಾಕಿದರು. ಬಿಳಿ ಕೋಟಿನವನು ಅದನ್ನು ಮೂಲೆಯೊಳಗೆ ಇಟ್ಟ. ಈರಮ್ಮ ಹೊಲಿಗೆ ಹಾಕಿದಳು. ಒಂದು ಹೊಲಿಗೆಯೂ ಓರೆಯಾಗಲಿಲ್ಲ. ಇಂಜಿನ್ ಓಡಿತು, ಘಮ ಬಂತು, ಸರಕು ಪಾಸಾಯಿತು. ಎಲ್ಲರೂ ಕೈಕುಲುಕಿದರು. ಈರಮ್ಮ ತನ್ನ ಖಾಲಿ ಬುತ್ತಿಬಟ್ಟೆಯನ್ನು ಕೇಳಿ ಇಸಿದುಕೊಂಡು ಒಬ್ಬಳೇ ನಡೆದು ಹೋದಳು.

ಭಾಲೇರಾವ್ ಸಾಹೇಬರು ಮಾತಿಗೆ ತಪ್ಪಲಿಲ್ಲ. ಶಿವರಾಯ ಕಾಯಂ ಆದ. ಅವನಿಗಾಗಿ ಬೈಂಡರ್ ಅಟೆಂಡೆಂಟ್ ಎಂಬ ಹುದ್ದೆ ಹುಟ್ಟಿತು. ಅವನು ಪೇಢೆ ಹಂಚಿದ, ಔರಂಗಾಬಾದಿಗೆ ಟೆಲಿಗ್ರಾಂ ಕಳಿಸಿದ, ವಿಶ್ವನಾಥಪ್ಪ ಗಿರಾಕಿಗಳಿಗೆಲ್ಲ ಚಹಾ ಕುಡಿಸಿದನಂತೆ. ಮನೆಯಲ್ಲಿ ಈರಮ್ಮ ಬೈದಿದ್ದರೆ ಅವನು ಹಗುರಾಗುತ್ತಿದ್ದ. ಮರುದಿನ ಊಟಕ್ಕೆ ಕೂತಾಗ ಅವಳು ರೊಟ್ಟಿ ತಟ್ಟೆಗೆ ಹಾಕುತ್ತ ಎಂದಿನ ದನಿಯಲ್ಲೇ ಕೇಳಿದಳು.

“ಎಷ್ಟು ಬೈಂಡರ್ ಹಾಕ್ಲಿ?”

ಶಿವರಾಯ ಮೊದಲು ನಕ್ಕ. ಅವಳು ನಗಲಿಲ್ಲ. ಆವತ್ತಿನಿಂದ ಆ ಮನೆಯಲ್ಲಿ ರೊಟ್ಟಿ ಎಂಬ ಮಾತು ನಿಂತುಹೋಯಿತು. ಬೈಂಡರ್ ಬಡಿಯುವುದು, ಬೈಂಡರ್ ಬೇಯಿಸುವುದು, ಬುತ್ತಿಗೆ ಬೈಂಡರ್ ಕಟ್ಟುವುದು. ನೆಂಟರು ಬಂದರೆ, ಇನ್ನೊಂದು ಬೈಂಡರ್ ತಗೊಳ್ರಿ ಅಣ್ಣಾ ಎಂದು ಉಪಚಾರ. ನೆಂಟರು ಅದು ನಾಸಿಕದ ಕಡೆಯ ತಿನಿಸೆಂದು ತಿಳಿದು ಹೊಗಳಿ ಹೋಗುತ್ತಿದ್ದರು. ಕಾಯಂ ನೌಕರಿಯ ಅನ್ನ ಸಿಹಿ ಎನ್ನುತ್ತಾರೆ. ಶಿವರಾಯ ಅದನ್ನು ತಲೆ ತಗ್ಗಿಸಿ ತಿಂದ.

ಕೆಲವು ವರ್ಷಕ್ಕೆ ವಿಲಾಯಿತಿಯ ಅಂಗಿ ಮತ್ತೆ ಬರತೊಡಗಿ ಈರಮ್ಮನ ಹೊಲಿಗೆ ನಿಂತಿತು. ಹುದ್ದೆ ನಿಲ್ಲಲಿಲ್ಲ, ಕಾಯಂ ಎಂದರೆ ಅದೇ ಅಲ್ಲವೇ. ಬೈಂಡರ್ ಇಲ್ಲದ ಕಾರ್ಖಾನೆಯಲ್ಲಿ ಬೈಂಡರ್ ಅಟೆಂಡೆಂಟ್ ಸ್ಟೂಲಿನ ಮೇಲೆ ಕೂತು, ಎದ್ದು, ಗೇಟಿಗೆ ಬಣ್ಣ ಹಚ್ಚಿಸುವುದರ ಮೇಲುಸ್ತುವಾರಿ ನೋಡಿ, ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಿವೃತ್ತನಾದ. ಹಾರ ಹಾಕಿದರು, ಗೋಡೆ ಗಡಿಯಾರ ಕೊಟ್ಟರು. ಹೊಸ ಮ್ಯಾನೇಜರು ಭಾಷಣದಲ್ಲಿ, ನಮ್ಮ ಸ್ವದೇಶಿ ಬೈಂಡರನ್ನು ಕಂಡುಹಿಡಿದವರು ಎಂದು ಅವನನ್ನು ಹೊಗಳಿದರು. ಚಪ್ಪಾಳೆ ಬಿದ್ದಿತು. ಶಿವರಾಯ ಎದ್ದು ನಿಂತು ಬಾಯಿ ತೆರೆದ. ಮೈಕು ಅವನ ಕಡೆಗೇ ಇತ್ತು. ಕೈಮುಗಿದು ಕೂತುಬಿಟ್ಟ.

ಮನೆಗೆ ಬಂದು ಹಾರ ತೆಗೆದಿಟ್ಟು ತಟ್ಟೆಯ ಮುಂದೆ ಕೂತ. ಈರಮ್ಮ ಕೆಮ್ಮುತ್ತ, ಒಲೆಯ ಮುಂದಿನಿಂದಲೇ ಕೇಳಿದಳು.

“ಎಷ್ಟು ಬೈಂಡರ್ ಹಾಕ್ಲಿ?”

ಶಿವರಾಯ ತಲೆ ಎತ್ತಿದ. “ನಾ ಸುಳ್ಳು ಹೇಳ್ದೆ ಈರಮ್ಮಾ,” ಎಂದ. “ಅದು ನಿನ್ನ ಕೈದು ರೊಟ್ಟಿ ಇತ್ತು.”

ಈರಮ್ಮ ಬಿಸಿ ರೊಟ್ಟಿಯೊಂದನ್ನು ತಂದು ಅವನ ತಟ್ಟೆಗೆ ಹಾಕಿದಳು, ಅದರ ಮೇಲೆ ಒಂದು ಹರಳು ಬೆಲ್ಲ ಇಟ್ಟಳು, ತನಗೂ ಒಂದು ತಟ್ಟೆ ಹಾಕಿಕೊಂಡು ಅವನ ಎದುರು ಕೂತಳು.